ಐವತ್ತಕ್ಕೆ ಸತ್ತ ನೊಣಗಳು

ಕಲಬುರಗಿ, ಗುರುವಾರ

ಕಮಲಾಪುರದ ಕೆಂಪು ಬಾಳೆತೋಟದ ಮಹಾರಾಣಿ, ನನ್ನ ಆಯಿ ಪುತಳಾಬಾಯಿಯವರ ಸನ್ನಿಧಾನಕ್ಕೆ, ನಾನೂರು ನೊಣಗಳ ಏಕಮಾತ್ರ ಅಡುಗೆಯವನಾದ ಮೊಮ್ಮಗ ಕುನಾಲನ ಶರಣು.

ಆಯಿ, ಫೋನಿನಲ್ಲಿ ಹೇಳಿದರೆ ಇದೂ ನನ್ನ ಚೇಷ್ಟೆ ಅನ್ನುತ್ತೀ. ಅದಕ್ಕೇ ಬರೆದು ದೌಲಪ್ಪ ಮಾಮಾನ ಕೈಯಲ್ಲಿ ಕಳಿಸಿದ್ದೇನೆ. ಯಶೋಧರಾ ಅಕ್ಕ ಗಟ್ಟಿಯಾಗಿ ಓದಲಿ. ನಡುವೆ ನೀನು ಏನೇ ಅಂದರೂ ನಿಲ್ಲಿಸಬಾರದು.

ಹೋದ ತಿಂಗಳು ನಾನು ಮಹಾಗಂಭೀರ ದನಿಯಲ್ಲಿ, "ಆಯಿ, ನೀ ಕಳಿಸಿದ ಬಾಳೆಹಣ್ಣು ತಿಂದು ನಮ್ಮ ಲ್ಯಾಬಿನ ನೊಣ ಎಪ್ಪತ್ತು ದಿನ ಬದುಕ್ಯಾವ, ಉಳಿದವು ಐವತ್ತಕ್ಕ ಖಲಾಸ್" ಅಂದಿದ್ದೆ. ನಗುತ್ತೀ ಅಂದುಕೊಂಡೆ. ನೀನು ನಂಬಿಬಿಟ್ಟೆ. ನಿನ್ನೆ ಅಕ್ಕ ಫೋನ್ ಮಾಡಿದಳು: "ಆಯಿ ಶುಗರ್ ಗುಳಿಗಿ ಬಿಟ್ಟಾಳ. ಮುಂಜಾನಿ ಒಂದು, ಸಂಜಿಗಿ ಒಂದು ಹಣ್ಣು ತಿನ್ನಾಕತ್ತಾಳ. ಕೇಳಿದ್ರ, 'ನೊಣಕ್ಕ ಇಪ್ಪತ್ತು ದಿನ ಕೊಟ್ಟ ಹಣ್ಣು ನನಗ ಇಪ್ಪತ್ತು ವರ್ಷ ಕೊಡಂಗಿಲ್ಲೇನ?' ಅಂತಾಳ. ಶುಗರ್ ಮುನ್ನೂರು ದಾಟ್ಯಾದ!"

ನಿನ್ನ ಚಷ್ಮಾ ಕೋಳಿಗೆ ತೊಡಿಸಿದಾಗಲೂ ತಪ್ಪು ಒಪ್ಪದವನು ಇವತ್ತು ಒಪ್ಪುತ್ತಿದ್ದೇನೆ.

ಈಗ ಪೂರ್ತಿ ಸತ್ಯ ಕೇಳು. ಮುಪ್ಪು ಯಾಕೆ ಬರುತ್ತದೆಂದು ನೋಡಲು ನಾವು ಎರಡು ಬಗೆಯ ಹಣ್ಣಿನ ನೊಣ ಸಾಕಿದ್ದೇವೆ. ಎರಡಕ್ಕೂ ಊಟ ಒಂದೇ ಪಾತ್ರೆಯದು: ರವೆ, ಬೆಲ್ಲ, ಯೀಸ್ಟ್, ನಿನ್ನ ಬಾಳೆಹಣ್ಣು. ಸಿರಾ ತಿರುವಿದಂತೆ ತಿರುವಿದವನು ನಾನೇ. ಐವತ್ತಕ್ಕೆ ಸತ್ತವೂ ನಿನ್ನ ಹಣ್ಣು ತಿಂದೇ ಸತ್ತವು! ಇದೊಂದು ಮಾತನ್ನು ಬೇಕೆಂದೇ ನುಂಗಿಕೊಂಡಿದ್ದೆ. ಎಪ್ಪತ್ತು ದಿನ ಬದುಕಿದವಕ್ಕೆ ಹುಟ್ಟಿನಿಂದಲೇ ಒಂದು ಜೀನ್ ಬೇರೆ. "ಊಟ ಬಂತು, ಬೆಳೆಯಿರಿ" ಎಂದು ಇನ್ಸುಲಿನ್ ಮೈಗೆಲ್ಲ ಮುಟ್ಟಿಸುವ ಸುದ್ದಿ ಅವುಗಳಲ್ಲಿ ಮೆಲ್ಲಗೆ ಮುಟ್ಟುತ್ತದೆ. ಮುಪ್ಪೂ ಮೆಲ್ಲಗೆ ಬರುತ್ತದೆ. ಅಂಥ ಜೀನ್‌ಗಳು ನಮ್ಮಲ್ಲೂ ಇವೆ, ಅದಕ್ಕೇ ನೊಣಗಳ ಬೆನ್ನು ಹತ್ತಿದ್ದೇವೆ. ಆದರೆ ಹಣ್ಣು ತಿಂದರೆ ಜೀನ್ ಬದಲಾಗುವುದಿಲ್ಲ, ಸಕ್ಕರೆಯೂ ಇಳಿಯುವುದಿಲ್ಲ.

ನೀನು ಒಪ್ಪುತ್ತೀ, ನನಗೆ ಅನುಮಾನವೇ ಇಲ್ಲ. ಬಾಳೆಯ ಎರಡು ಸಾಲಿಗೆ ಒಂದೇ ಗೊಬ್ಬರ ಹಾಕಿ ಒಂದು ಸಾಲು ಮಾತ್ರ ಚಲೋ ಬಂದಾಗ, ಗೊಬ್ಬರ ಹೊಗಳಿದವರಿಗೆ ನೀನೇ ಗದರಿರಲಿಲ್ಲವೇ, "ಯಾವ ಗಿಡದ ಕಂದು ಹಚ್ಚೀರಿ, ಅದು ನೋಡ್ರಿ ಮೊದಲ" ಅಂತ?

ಇವತ್ತೇ ಅಕ್ಕನ ಜೊತೆ ಡಾಕ್ಟರ ಬಳಿ ಹೋಗು. ಅವರು ಹೇಳಿದ ಗುಳಿಗೆ ನುಂಗು. ಭಾನುವಾರ ಬಂದು ಅಂಗಳದಲ್ಲಿ ಎಲ್ಲರೆದುರು ಕಿವಿ ಹಿಡಿದು ನಿಲ್ಲುತ್ತೇನೆ. ನನ್ನನ್ನು ಬೈಯಲು ನೀನು ಬಹಳ ವರ್ಷ ಇರಬೇಕು ಆಯಿ; ಇದು ತಮಾಷೆಯಲ್ಲ.

ನಿನ್ನ ಆಯುಷ್ಯ ಉದ್ದವಾಗಲಿ, ನಿನ್ನ ಕೋಲು ಗಿಡ್ಡವಾಗಲಿ. ಜೈಭೀಮ್.

ಬೈಗುಳಕ್ಕೆ ಕಾದಿರುವ,
ಕುನಾಲ