ಬಿಸಿ ಕಡೆಯ ನಲ್ಲಿ

ಬುಧವಾರ, ಇಪ್ಪತ್ತೊಂದನೇ ತಾರೀಖು
ಮಧ್ಯಾಹ್ನ ಮೂರೂವರೆ

ಜೀರುಂಡೆಯ ಅಪ್ಪನಿಗೆ,

ಬೇರೆ ಹೇಗೆ ಕರೆಯಬೇಕೋ ತಿಳಿಯದೆ ಎರಡು ಹಾಳೆ ಹರಿದೆ. ಮಗಳು ಹೋಗಿ ಏಳು ತಿಂಗಳಾದರೂ ನೀವು ಅವಳ ಅಪ್ಪನೇ ತಾನೆ. ಹಾಗೇ ಇರಲಿ. ಅಕ್ಷರ ಸೊಟ್ಟಗಿದ್ದರೆ ಬೇಸರ ಬೇಡ, ಇಲ್ಲಿ ಮೇಜಿಲ್ಲ.

ಬೆಳಗಿನಿಂದ ಆದದ್ದು ಇಷ್ಟು: ಸೌದೆ ಆರಿಸಿ ತಂದೆ, ತೊರೆಯಿಂದ ಹದಿನಾಲ್ಕು ಕೊಡ ನೀರು ಹೊತ್ತೆ, ಎರಡು ಸಲ ಬೆಂಕಿ ಹಚ್ಚಿದೆ, ಒಂದು ಸಲ ಗಾಬರಿಯಿಂದ ಆರಿಸಿದೆ. ನಿಮ್ಮ ಅಮ್ಮನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಅತ್ತೆಯೂ ನಾನೂ ಕಾಡಿನಲ್ಲಿರುವ ಸುದ್ದಿ ನಿಮಗೆ ಮುಟ್ಟಿದೆಯೋ ಇಲ್ಲವೋ. ನಿಮ್ಮ ಸೋದರಮಾವ ಕಾವಲಿಗಿರುವ ಜಾಗದಲ್ಲಿ ಒಂದು ಮರದ ಕೋಣೆ ಖಾಲಿ ಇತ್ತು. ಆಸ್ಪತ್ರೆಯ ಲಾಂಡ್ರಿಯಲ್ಲಿ ಒಂದು ತಿಂಗಳು ರಜೆ ಬರೆದುಕೊಟ್ಟು ಬಂದೆ. ಮನೆಯಲ್ಲಿ ಇರಲಾಗುತ್ತಿರಲಿಲ್ಲ. ಇಲ್ಲೂ ಇರಲಾಗುತ್ತಿಲ್ಲ, ಅದು ಬೇರೆ ಮಾತು. ಕೂತರೆ ಏಳಬೇಕೆನಿಸುತ್ತದೆ, ಎದ್ದರೆ ಎಲ್ಲಿಗೆ ಎಂದು ತಿಳಿಯುವುದಿಲ್ಲ. ಇಲ್ಲಿ ನಿಜವಾದ ಜೀರುಂಡೆಗಳಿವೆ, ಮಧ್ಯಾಹ್ನವಿಡೀ ಕೂಗುತ್ತವೆ. ಮೊದಲ ದಿನ ಅತ್ತೆ ಅದನ್ನು ಕೇಳಿ, ನಮ್ಮದು ಇದಕ್ಕಿಂತ ಜೋರಿತ್ತು ಎಂದರು.

ನಿಮಗೆ ಗೊತ್ತಿಲ್ಲದ್ದು ಒಂದಿದೆ. ಅವಳು ಹೋದಾಗಿನಿಂದ ಅತ್ತೆ ತಲೆಗೆ ನೀರು ಹಾಕಿಕೊಂಡಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುವುದು, ಅಷ್ಟೇ. ಅವರ ಭುಜ ಮೇಲಕ್ಕೆ ಏಳುವುದಿಲ್ಲವಲ್ಲ, ಚೊಂಬಿನಲ್ಲಿ ನೀರು ಹುಯ್ಯುತ್ತಿದ್ದುದು ಅವಳೇ. ಇಪ್ಪತ್ತು ಚೊಂಬು ಎಂದು ಲೆಕ್ಕ. ಕೈ ನೋಯತೊಡಗಿದರೆ ಹದಿನಾಲ್ಕರಿಂದ ನೇರ ಹತ್ತೊಂಬತ್ತಕ್ಕೆ ಹಾರುತ್ತಿದ್ದಳು, ಅತ್ತೆ ಗೊತ್ತಿದ್ದೂ ಸುಮ್ಮನಿರುತ್ತಿದ್ದರು. ಒಮ್ಮೆ ನಾನು ಹುಯ್ಯಲು ಹೋದೆ. ಮೊದಲ ಚೊಂಬು ಎತ್ತಿದ್ದೇ ತಡ, ನನ್ನ ಕೈ ಹಿಡಿದು, ಬೇಡ ಕಣೇ, ಚೊಂಬು ನೋಡಕ್ಕಾಗಲ್ಲ ನಂಗೆ ಎಂದರು. ನನಗೂ ಆಗುತ್ತಿರಲಿಲ್ಲ.

ಇಲ್ಲಿಗೆ ಬಂದ ನಾಲ್ಕನೇ ದಿನ ನನಗೆ ಹೊಳೆಯಿತು. ಯಾರ ಕೈಯೂ ಇಲ್ಲದೆ ನೀರು ಮೇಲಿನಿಂದ ತಾನಾಗಿ ಬಿದ್ದರೆ?

ಒಂದು ತಪ್ಪೊಪ್ಪಿಗೆ. ನಮ್ಮ ಮಂಚದ ಕೆಳಗಿದ್ದ ನಿಮ್ಮ ತಾಮ್ರದ ಕೊಳವೆಯ ಸುರುಳಿಯನ್ನು ಕೇಳದೆ ತಂದಿದ್ದೇನೆ. ಹೊರಡುವಾಗ ಕೈಗೆ ಸಿಕ್ಕಿತು. ನೀವು ಮಾಡುತ್ತಿದ್ದಂತೆಯೇ ಒಣ ಮರಳು ತುಂಬಿ, ಒಂದು ಮರದ ಬೊಡ್ಡೆಗೆ ಸುತ್ತಿ ಬಗ್ಗಿಸಿದೆ. ಎಲ್ಲೂ ಮಡಚಿಕೊಳ್ಳಲಿಲ್ಲ. ಮರಳನ್ನು ಹೊರಗೆ ತೆಗೆಯಲು ಮಾತ್ರ ಅರ್ಧ ದಿನ ಬಡಿದೆ. ಕೋಣೆಯ ಹಿಂದಿನ ಬಂಡೆಯ ಮೇಲೆ ನೀರಿನ ಡ್ರಮ್ಮು, ಅದರಿಂದ ಇಳಿದ ರಬ್ಬರ್ ಪೈಪು ಸುರುಳಿಗೆ, ಸುರುಳಿ ಕಲ್ಲುಗಳ ನಡುವಿನ ಬೆಂಕಿಯಲ್ಲಿ, ಅಲ್ಲಿಂದ ಇನ್ನೊಂದು ಪೈಪು ಮರದ ಕೊಂಬೆಗೆ. ಕೊಂಬೆಯಲ್ಲಿ ತೂತು ಕೊರೆದ ಹಾಲಿನ ಪುಡಿಯ ಡಬ್ಬಿ. ಸುತ್ತ ಎರಡು ಹಳೆಯ ಹಾಸುಬಟ್ಟೆ.

ಕಾವಲುಗಾರ ಮಾವ ಸೊಂಟದ ಮೇಲೆ ಕೈಯಿಟ್ಟು ಮೂರು ದಿನ ನೋಡಿದರು. ಏನಮ್ಮಾ, ಒಂದು ದೊಡ್ಡ ಪಾತ್ರೇಲಿ ನೀರು ಕಾಯಿಸಿ ಹುಯ್ಕೊಂಡ್ರೆ ಆಗ್ತಿತ್ತಲ್ಲ, ಇದೇನು ರೈಲ್ವೆ ಇಂಜಿನ್ನಾ ಎಂದರು. ಅತ್ತೆ ಒಳಗಿನಿಂದಲೇ, ನಿನಗ್ಯಾಕೋ, ನೀನು ವಾರಕ್ಕೊಂದು ಸಲ ಸ್ನಾನ ಮಾಡೋನು ಎಂದರು. ಇಲ್ಲಿಗೆ ಬಂದ ಮೇಲೆ ಅವರ ಬಾಯಿಂದ ಬಂದ ಮೊದಲ ತಮಾಷೆ ಅದು.

ಬರೆಯುವ ಮಧ್ಯದಲ್ಲಿ ಎದ್ದು ಹೋಗಿದ್ದೆ. ಬೂದಿ ಕೆದಕಿ ನೋಡಿ ಬಂದೆ. ಕೆಂಡ ಇಲ್ಲ.

ತಪ್ಪು ಮಾಡಿದ್ದು ಇಲ್ಲಿ. ಬಿಸಿನೀರು ವ್ಯರ್ಥವಾಗಬಾರದೆಂದು ನಲ್ಲಿಯನ್ನು ಸುರುಳಿಯಾದ ಮೇಲೆ, ಬಿಸಿ ಬರುವ ಕಡೆ ಕೂರಿಸಿದೆ. ಮನೆಯ ನಲ್ಲಿ ಎಲ್ಲಿರುತ್ತದೋ ಅಲ್ಲೇ ಅಲ್ಲವೇ? ಬೆಳಿಗ್ಗೆ ಬೆಂಕಿ ಹಚ್ಚಿ ನಲ್ಲಿ ಮುಚ್ಚಿಟ್ಟೆ, ಚೆನ್ನಾಗಿ ಕಾಯಲಿ ಎಂದು. ಸ್ವಲ್ಪ ಹೊತ್ತಿಗೆ ಕೊಳವೆ ಒಳಗಿನಿಂದ ಯಾರೋ ಬಾಗಿಲು ತಟ್ಟಿದ ಹಾಗೆ ಬಡಿದುಕೊಳ್ಳತೊಡಗಿತು. ಡ್ರಮ್ಮು ಗುಳುಗುಳು ಎಂದಿತು. ನಾನು ಹತ್ತಿರ ಹೋಗುವಷ್ಟರಲ್ಲಿ ರಬ್ಬರ್ ಪೈಪು ಕಿತ್ತುಕೊಂಡು ಎದ್ದು ಕುಣಿಯಿತು. ಏನೂ ಆಗಲಿಲ್ಲ. ಬೆಂಕಿಗೆ ನೀರು ಸುರಿದು, ಹೊಗೆಯಲ್ಲಿ ಕೂತು, ಆಗ ನೆನಪಾಯಿತು.

ನೆನಪಾದದ್ದು ನಿಮ್ಮ ದನಿಯಲ್ಲಲ್ಲ, ಅವಳದ್ದರಲ್ಲಿ. ಊಟಕ್ಕೆ ಕೂತಾಗ ಬಿಸಿ ತುತ್ತನ್ನು ಬಾಯಿ ತೆರೆದೇ ಅಗಿಯುತ್ತಿದ್ದಳು. ಬಾಯಿ ಮುಚ್ಚು ಎಂದು ನಾನು ಗದರಿದರೆ, ಅಪ್ಪನೇ ಹೇಳಿದಾರೆ, ಬಿಸಿ ಕಡೆ ಬಾಯಿ ಮುಚ್ಚಬಾರದು, ಬಾಯ್ಲರ್ ಒಡೆದುಹೋಗುತ್ತೆ ಎನ್ನುತ್ತಿದ್ದಳು. ನೀವು ತಲೆ ತಗ್ಗಿಸಿ ನಗುತ್ತಿದ್ದಿರಿ. ಹನ್ನೊಂದು ವರ್ಷ ನೀವು ಬಾಯ್ಲರಿನಲ್ಲಿ ಕಾಯಿಸಿದ ನೀರಿನಲ್ಲೇ ಆಸ್ಪತ್ರೆಯ ಬಟ್ಟೆ ಒಗೆದವಳು ನಾನು. ಆ ನೀರು ಗೋಡೆಯಾಚೆ ಹೇಗೆ ಬಿಸಿಯಾಗುತ್ತದೆ ಎಂದು ಒಂದು ದಿನವೂ ಕೇಳಿರಲಿಲ್ಲ. ಅವಳು ಕೇಳಿ ತಿಳಿದುಕೊಂಡಿದ್ದಳು.

ನಲ್ಲಿಯನ್ನು ತಣ್ಣೀರಿನ ಕಡೆಗೆ ಬದಲಾಯಿಸಿದೆ. ಬಿಸಿ ಕಡೆಯನ್ನು ತೆರೆದೇ ಬಿಟ್ಟೆ. ಮೊದಲು ನೀರು ಹರಿಯಬಿಟ್ಟು ಆಮೇಲೆ ಬೆಂಕಿ ಹಚ್ಚಿದೆ. ನಲ್ಲಿ ಹೆಚ್ಚು ತಿರುಗಿಸಿದರೆ ಬೆಚ್ಚಗೆ, ಕಡಿಮೆ ತಿರುಗಿಸಿದರೆ ಮೈ ಸುಡುವಷ್ಟು. ಹದ ಸಿಕ್ಕಿದಾಗ ಅತ್ತೆಯನ್ನು ಕರೆದೆ. ಅವರು ಡಬ್ಬಿಯ ಕೆಳಗೆ ಸ್ಟೂಲಿನ ಮೇಲೆ ಕೂತು, ಮೇಲೆ ನೋಡಿ, ಕಣ್ಣು ಮುಚ್ಚಿದರು. ನಾನು ಬಟ್ಟೆಯ ಈಚೆ ನಲ್ಲಿ ಹಿಡಿದು ನಿಂತಿದ್ದೆ. ಆಮೇಲೆ ಅವರು ಮೆಲ್ಲಗೆ ಎಣಿಸುತ್ತಿದ್ದುದು ಕೇಳಿಸಿತು. ಚೊಂಬಿಲ್ಲದೆ ಏನನ್ನು ಎಣಿಸುತ್ತಿದ್ದರೋ. ಹದಿಮೂರು, ಹದಿನಾಲ್ಕು ಎಂದವರು ಹತ್ತೊಂಬತ್ತು ಎಂದರು. ನಾನು ನಲ್ಲಿ ಬಿಡಲಿಲ್ಲ.

ಡ್ರಮ್ಮು ಖಾಲಿಯಾಗುವವರೆಗೆ ಕೂತಿದ್ದರು. ಹೊರಗೆ ಬಂದು ತಲೆ ಒರೆಸಿಕೊಳ್ಳುತ್ತಾ, ಮೂರು ಕಡೆ ಸೋರುತ್ತೆ ಕಣೇ, ಅವನಿದ್ದಿದ್ರೆ ಒಂದು ಹನಿ ಸೋರ್ತಿರಲಿಲ್ಲ ಎಂದರು. ನಾನು ನಲ್ಲಿ ಮುಚ್ಚಿದೆ. ಅವನನ್ನ ಕರೀತೀಯೋ, ನಾನೇ ಕರೀಲೋ ಎಂದರು. ಈಗ ಬಿಸಿಲಿನಲ್ಲಿ ಕೂದಲು ಹರಡಿ ಕೂತಿದ್ದಾರೆ. ಆಗಾಗ ತಿರುಗಿ, ಕೈ ಸುಟ್ಟದ್ದು ಬರೆದೆಯಾ ಎಂದು ಕೇಳುತ್ತಿದ್ದಾರೆ. ಬರೆದೆ, ಇಗೋ: ಬಲಗೈ ಮಣಿಕಟ್ಟಿನಿಂದ ಬೆರಳಿನವರೆಗೆ ಬೊಬ್ಬೆ ಎದ್ದಿದೆ. ಈ ಕಾಗದ ಎಡಗೈಯದು. ಮೇಜಿಲ್ಲ, ಏನೂ ಆಗಲಿಲ್ಲ ಎಂದದ್ದು ಎರಡೂ ಸುಳ್ಳು.

ಅವಳು ಹೋದ ದಿನ ವಾರ್ಡಿನ ಬಾಗಿಲಲ್ಲಿ ಎಲ್ಲರೆದುರು ನಾನು ಹೇಳಿದ ಮಾತು ನಿಮಗೆ ನೆನಪಿದೆ. ಫೋನು ಮಾಡಿದಾಗ ಎತ್ತದವರು ಇನ್ನು ಬಾಯ್ಲರ್ ಜೊತೆಗೇ ಇದ್ದುಬಿಡಿ ಎಂದೆ. ಆ ಸದ್ದಿನಲ್ಲಿ ಫೋನು ಕೇಳಿಸುವುದಿಲ್ಲವೆಂದು ನನಗೆ ಗೊತ್ತಿತ್ತು. ನೀವು ಹಾಸಿಗೆ ಸುತ್ತಿಕೊಂಡು ಬಾಯ್ಲರ್ ಪಕ್ಕದ ಕೋಣೆಗೆ ಹೋದಿರಿ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಇಂದಿನ ತನಕ ಯಾಕೆ ಹಾಗೆ ಮಾಡಲಿಲ್ಲ ಎಂಬುದು ಕೆಳಗಿದೆ.

ಸೋರುವ ಮೂರು ಕಡೆಗಳನ್ನು ಬಟ್ಟೆ ಬಿಗಿದು ನಿಲ್ಲಿಸಿದ್ದೇನೆ. ಹೆಚ್ಚು ದಿನ ನಿಲ್ಲುವುದಿಲ್ಲ.

ಇಂತಿ,
ಜೀರುಂಡೆಯ ಅಮ್ಮ

ಮರೆತ ಮಾತು: ಮರೆತದ್ದಲ್ಲ. ಅವತ್ತು ಬೆಳಿಗ್ಗೆ ನೀವು ಪಾಳಿಗೆ ಹೊರಡುವಾಗ, ಯಾಕೆ ಇವಳು ಇನ್ನೂ ಎದ್ದಿಲ್ಲ ಎಂದು ಕೇಳಿದಿರಿ. ಸೋಮಾರಿ, ಮಲಗಲಿ ಬಿಡಿ ಎಂದೆ. ಅದಕ್ಕೆ ಮೊದಲೇ ಹಣೆ ಮುಟ್ಟಿ ನೋಡಿದ್ದೆ. ಸುಡುತ್ತಿತ್ತು. ಸಂಜೆಗೆ ಇಳಿಯುತ್ತದೆ ಎಂದುಕೊಂಡು, ಅತ್ತೆಗೂ ಹೇಳದೆ ಲಾಂಡ್ರಿಗೆ ಹೋದೆ. ಅವರಿಗೆ ಇಂದಿಗೂ ಗೊತ್ತಿಲ್ಲ. ಇದನ್ನು ಓದಿದ ಮೇಲೂ ಬರುವ ಮನಸ್ಸಾದರೆ ಬನ್ನಿ, ಪೈಪು ಬಿಗಿಯುವ ಪಾನ ತರಲು ಮರೆಯಬೇಡಿ. ಸಾಮಾನು ತರುವ ಜೀಪು ನಾಳೆ ಹತ್ತು ಗಂಟೆಗೆ ಬರುತ್ತದೆ. ಕಾಗದ ಅದರಲ್ಲಿ ಹೋಗುತ್ತದೆ.