ಕಿಟಕಿಯತ್ತ ಹೊರಳುವ ಕಣ್ಣು

ಕಾಯಾನಿ,
ಫೆಬ್ರವರಿ ಹನ್ನೆರಡು

ಟೌನೊ,

ನಾನು ಕ್ಷೇಮ. ನೀನೂ ಹಾಗೇ ಇರುವೆ ಎಂದುಕೊಂಡಿದ್ದೇನೆ. ನೀನು ಕಳಿಸಿದ, ಕಣ್ಣಿಗೆ ಕಟ್ಟಿಕೊಳ್ಳುವ ಹೊಸ ಹೆಡ್‌ಸೆಟ್ ತಲುಪಿತು. ಪೆಟ್ಟಿಗೆ ಬಿಚ್ಚದೆ ವಾಪಸ್ ಕಳಿಸುತ್ತಿದ್ದೇನೆ. ಹಳೆಯದರಲ್ಲಿ ಏನೂ ಕೆಟ್ಟಿಲ್ಲ.

ಪೆಟ್ಟಿಗೆಯ ಮೇಲೆ ಅಂಟಿಸಿದ್ದ ನಿನ್ನ ಚೀಟಿಯನ್ನು ಪಕ್ಕದ ಮನೆಯ ವೆಲ್ಲಾಮೊ ಓದಿ ಹೇಳಿದಳು. “ಇದ್ರಲ್ಲೂ ನನ್ನ ಮುಖ ನೋಡೋಕಾಗಲ್ಲ ಅಂದ್ರೆ ಬಿಟ್ಟುಬಿಡೋಣ ಹೆಲ್ಕಾ. ಭಾನುವಾರದ ಹಾರಾಟಕ್ಕೆ ನಿನ್ನ ಬದ್ಲು ಓಸ್ಮೊ ಸಿಕ್ತಾನೆ.” ನಾವು ಬೇರೆಯಾದ ಮೇಲೆ ನಮ್ಮಿಬ್ಬರ ನಡುವೆ ಉಳಿದದ್ದು ಭಾನುವಾರದ ಆ ಸುಳ್ಳು ವಿಮಾನದ ಆಟವೊಂದೇ. ನೀನು ತುರ್ಕುವಿನಲ್ಲಿ, ನಾನು ಇಲ್ಲಿ. ಹೆಡ್‌ಸೆಟ್ ಹಾಕಿಕೊಂಡರೆ ಪೈಲಟ್, ಸಹಪೈಲಟ್ ಆಗಿ ಅಕ್ಕಪಕ್ಕ. ಅದೂ ಹೋದರೆ ಏನು ಎಂದು ಯೋಚಿಸುತ್ತ ಕೂತೆ. ಅಳು ಬರಲಿಲ್ಲ. ರೈ ಧಾನ್ಯದ ರೊಟ್ಟಿಗೆ ಬೆಣ್ಣೆ ಸವರಿಕೊಂಡು ತಿಂದೆ.

ಆ ಯಂತ್ರ ನನ್ನ ಕಣ್ಣನ್ನು ಹಿಂಬಾಲಿಸುತ್ತದೆ. ನಾನು ಎತ್ತ ನೋಡಿದರೂ ಆಟದ ವಿಮಾನದಲ್ಲಿ ನಿನ್ನ ಪಕ್ಕ ಕೂತ ನನ್ನ ರೂಪದ ಗೊಂಬೆಯೂ ಅತ್ತಲೇ ನೋಡುತ್ತದೆ. ಅದನ್ನು ನೋಡಿಯೇ ನೀನು ಕುಟುಕಿದ್ದು: “ನಾನು ಮಾತಾಡ್ತಿದ್ರೆ ನೀನು ಕಿಟಕಿ ನೋಡ್ತೀಯ. ಜೊತೇಲಿದ್ದಾಗ್ಲೂ ಇದೇ ಆಗಿತ್ತು.” ಯಂತ್ರ ಕೆಟ್ಟಿದೆ ಎಂದು ಸುಳ್ಳು ಹೇಳಿದೆ. ನೀನು ನಂಬಿ ಹೊಸದನ್ನೇ ಕಳಿಸಿಬಿಟ್ಟೆ.

ಕೆಟ್ಟಿರುವುದು ನನ್ನ ಕಣ್ಣು. ಎರಡರದೂ ನಡುಭಾಗ ಹೋಗಿದೆ. ನೆಟ್ಟಗೆ ನೋಡಿದ್ದೆಲ್ಲ ಬೂದು ಕಲೆ. ಅಂಚಿನಲ್ಲಷ್ಟೇ ಏನಾದರೂ ಕಾಣುತ್ತದೆ. ಹಾಗಾಗಿ ನಿನ್ನ ಮುಖ ಕಾಣಬೇಕೆಂದರೆ ನಾನು ಕಿಟಕಿ ನೋಡಬೇಕು. ಯಂತ್ರಕ್ಕೆ ಇದು ತಿಳಿಯುವುದಿಲ್ಲ. ಕಣ್ಣು ನೆಟ್ಟ ಜಾಗವನ್ನು ಮಾತ್ರ ಅದು ತಿದ್ದಿ ತೀಡಿ ತೋರಿಸುತ್ತದೆ, ಉಳಿದದ್ದನ್ನು ಮಸುಕಾಗಿಯೇ ಬಿಡುತ್ತದೆ. ಕಿಟಕಿಗೆ ಅಷ್ಟೆಲ್ಲ ಆರೈಕೆ, ನಿನಗೆ ಇಲ್ಲ. ಆದರೂ ನಾನು ನೋಡುತ್ತಿದ್ದದ್ದು ನಿನ್ನನ್ನೇ.

ಮೊದಲೇ ಹೇಳಬಹುದಿತ್ತು. ವಿಮಾನ ಹತ್ತು ಸಾವಿರ ಅಡಿಗಿಂತ ಕೆಳಗಿರುವಾಗ ಮನೆ ವಿಷಯದ ಮಾತು ಕೂಡದು ಎಂಬುದು ನಿನ್ನ ಕಟ್ಟುನಿಟ್ಟು. “ಈಗ ಕೆಲ್ಸ ನೋಡು, ಪುರಾಣ ಆಮೇಲೆ” ಎನ್ನುತ್ತೀಯ. ನಿಜದ ಪೈಲಟ್‌ಗಳೂ ಇಷ್ಟು ಗದರುತ್ತಾರೋ ಇಲ್ಲವೋ. ಮೇಲೇರಿದ ಮೇಲೆ ಪ್ರತಿಸಲವೂ ಬಾಯಿ ತೆರೆದೆ. ಬಂದದ್ದು ಹಿಮದ ಮಾತು, ಕಾಫಿಯ ಮಾತು. ಕಣ್ಣಿನ ಡಾಕ್ಟರು, “ಮನೆಯವ್ರಿಗೆ ಹೇಳಿದ್ದೀರಾ?” ಎಂದು ಕೇಳಿದರು. “ಅವ್ರು ಗಾಳೀಲಿರ್ತಾರೆ” ಎಂದೆ. ಆಕೆ ನಗಲಿಲ್ಲ.

ಇನ್ನೊಂದು. ವಿಮಾನ ಇಳಿಸುವ ಮುನ್ನ ನಾನು ಓದಿ ಹೇಳುತ್ತಿದ್ದ ತಪಾಸಣೆಯ ಪಟ್ಟಿಯಲ್ಲಿ ಈ ಚಳಿಗಾಲವೆಲ್ಲ ಒಂದಕ್ಷರವೂ ನನಗೆ ಕಂಡಿಲ್ಲ. ಬಾಯಿಪಾಠ ಒಪ್ಪಿಸಿದೆ. ಅದು ಮೋಸವೇ. ನನ್ನ ಜಾಗಕ್ಕೆ ಓಸ್ಮೊನನ್ನು ಕರೆದುಕೋ, ಒಳ್ಳೆಯವನು. ನನಗೇನೂ ಬೇಜಾರಿಲ್ಲ.

ದಪ್ಪ ಪೆನ್ನಿನಲ್ಲಿ ಬರೆದಿದ್ದೇನೆ, ಸಾಲು ಒಂದರ ಮೇಲೊಂದು ಹತ್ತಿದ್ದರೆ ಬೈಯಬೇಡ.

ಇಂತಿ,
ಹೆಲ್ಕಾ

ಬರೆಯದೆ ಉಳಿದದ್ದು: ಬೇಜಾರಿಲ್ಲ ಎಂದದ್ದು ಸುಳ್ಳು. ವಿಮಾನದಲ್ಲಿ ನಿನ್ನ ಗೊಂಬೆಗೆ ಇನ್ನೂ ಕಂದು ಗಡ್ಡ. ನಿಜದ್ದು ನೆರೆತಿರಬೇಕು, ನಾನು ನೋಡಿಲ್ಲ. ಈ ಅಂಚಿನ ನೋಟವೂ ಎಷ್ಟು ದಿನ ಉಳಿಯುತ್ತದೋ ಹೇಳಲಾರೆ ಎಂದಿದ್ದಾರೆ ಡಾಕ್ಟರು. ರೈಲು ಹತ್ತಿ ಬಾ. ಬಾಗಿಲು ತೆರೆದ ನಾನು ಗೋಡೆಯತ್ತ ನೋಡುತ್ತ ನಿಂತರೆ ತಿರುಗಿ ಹೋಗಬೇಡ. ನಿನ್ನನ್ನು ನೋಡುತ್ತಿರುತ್ತೇನೆ.