ಕೆಸರಿನ ಮೇಲೆ ಹಾಸಿದ ಹಲಗೆ

ಶಿಕಾರಿಪುರ,
ನವೆಂಬರ್ ೧೯೯೬

ಇನ್ನೂ ಹೆಸರಿಡದ ನನ್ನ ಕೂಸೇ,

ನೀನು ಒಳಗಿನಿಂದ ಒದ್ದಾಗಲೆಲ್ಲ ಬರೆಯುವ ಕೈ ನಿಲ್ಲುತ್ತದೆ. ಹುಟ್ಟುವ ಮೊದಲೇ ನೀನು ನನಗೊಂದು ಉಪಕಾರ ಮಾಡಿದ್ದೀಯ. ಅದನ್ನು ಹೇಳಿಬಿಡುತ್ತೇನೆ.

ಸೊರಬ ತಾಲ್ಲೂಕಿನ ಗುಡವಿ ಕಡೆ ಒಂದು ಕೆರೆಯಿದೆ. ಅದರ ಅಂಚಿನ ಜೌಗಿನಲ್ಲಿ ಜೊಂಡು ಕೊಳೆತು, ತಳದಿಂದ ಮೀಥೇನ್ ಎಂಬ ಅನಿಲ ಗುಳ್ಳೆಗುಳ್ಳೆಯಾಗಿ ಮೇಲೆ ಬರುತ್ತದೆ. ಭೂಮಿಯ ಬಿಸಿ ಏರಿಸುವ ಗಾಳಿ ಅದು. ಎಷ್ಟು ಬರುತ್ತದೆಂದು ಅಳೆಯುವುದೇ ನನ್ನ ಸಂಶೋಧನೆ. ಕೆಸರಿಗಿಳಿದು, ನೀರಿನ ಮೇಲೆ ಪೆಟ್ಟಿಗೆ ಬೋರಲು ಹಾಕಿ, ಒಳಗೆ ಕೂಡಿದ ಗಾಳಿಯನ್ನು ಸಿರಿಂಜಿನಲ್ಲಿ ಎಳೆದು, ಸೀಸೆಗೆ ತುಂಬಿ ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳಿಸುತ್ತಿದ್ದೆ. ಬರುವ ಅಂಕಿಗಳು ಒಂದಕ್ಕೊಂದು ಹೊಂದುತ್ತಲೇ ಇರಲಿಲ್ಲ. ಈ ಮಳೆಗಾಲವೂ ಹೀಗೇ ಆದರೆ ಕೆಲಸ ನಿಲ್ಲಿಸಿಬಿಡಿ ಎಂದು ನನ್ನ ಮಾರ್ಗದರ್ಶಕರು ಹೇಳಿದ್ದರು.

ಆಗಲೇ ನೀನು ಹೊಟ್ಟೆಯಲ್ಲಿ ನಿಂತೆ. ನಿನಗಿಂತ ಮುಂಚಿನ ಕೂಸು ಉಳಿದಿರಲಿಲ್ಲ. “ಜಾರೋ ಕಡೆ ಕಾಲಿಡಬೇಡಿ,” ಎಂದರು ಡಾಕ್ಟರು. ನಿನ್ನ ಅಜ್ಜಿ ಜಗದಾಂಬ ನೇರವಾಗಿ ಕೇಳಿದರು: “ಆ ಕೆರೆ ಬಿಡಕ್ಕಾಗಲ್ಲೇನವ್ವ ನಿಂಗೆ?”

“ಆಗಲ್ಲ ಅತ್ತೆ. ಕೂಸನ್ನೂ ಬಿಡಲ್ಲ,” ಅಂದೆ.

ಮರುದಿನ ಅವರು ನಮ್ಮ ಅಡಿಕೆ ಮಂಡಿಯ ಹಿಂದೆ ಬಿದ್ದಿದ್ದ ಹಲಗೆಗಳನ್ನೆಲ್ಲ ಲಾರಿಗೆ ಹೇರಿಸಿದರು. “ಕೆಸರಿಗೆ ಇಳೀಬ್ಯಾಡ. ಹಲಗೆ ಮ್ಯಾಲೆ ಕುಂತು ಮಾಡು. ನಾನೂ ಬರ್ತೀನಿ.”

ಕೆರೆಯಂಚಿನ ರೈತ ರಂಗಪ್ಪನವರು ಗೂಟ ನೆಟ್ಟು ಹಲಗೆ ಹಾಸಿಕೊಟ್ಟರು. ನಾನು ಬಗ್ಗಿದಾಗಲೆಲ್ಲ ಅಜ್ಜಿ ಹಿಂದಿನಿಂದ ನನ್ನ ಸೆರಗು ಬಿಗಿಯಾಗಿ ಹಿಡಿದಿರುತ್ತಿದ್ದರು. ಅಲ್ಲಿಂದ ಅಂಕಿಗಳು ಹೊಂದತೊಡಗಿದವು. ಕಾರಣ ಹೊಳೆದಾಗ ಹಲಗೆಯ ಮೇಲೆ ಕೂತೇ ನಕ್ಕುಬಿಟ್ಟೆ. ನಾನು ಕೆಸರು ತುಳಿದಾಗ ತಳದ ಗುಳ್ಳೆಗಳೆಲ್ಲ ಒಮ್ಮೆಗೇ ಎದ್ದು ಪೆಟ್ಟಿಗೆ ಸೇರುತ್ತಿದ್ದವು. ಅಷ್ಟು ಕಾಲ ನಾನು ನನ್ನ ತುಳಿತವನ್ನೇ ಅಳೆಯುತ್ತಿದ್ದೆ. ನಿನ್ನನ್ನು ಕಾಯಲು ಹೊರಟ ಮೇಲೆ ಕೆರೆ ತನ್ನ ನಿಜ ಹೇಳಿತು.

ಕೆಲಸ ಮುಂದುವರಿಸಲು ಮಾರ್ಗದರ್ಶಕರು ಒಪ್ಪಿದ್ದಾರೆ. ಮುಂದಿನ ಮಳೆಗಾಲಕ್ಕೆ ನೀನೂ ನಮ್ಮ ಜೊತೆಗಿರುತ್ತೀಯ. ಕೆರೆ ಏರಿಯ ಮೇಲೆ ನಿನ್ನ ಜೋಲಿ ಕಟ್ಟಲು ಅಜ್ಜಿ ಈಗಾಗಲೇ ಮರ ನೋಡಿಟ್ಟು ಬಂದಿದ್ದಾರೆ.

ಧೈರ್ಯವಾಗಿ ಬಾ ಕಂದಾ. ನಿನ್ನ ಆಯಸ್ಸು ಗಟ್ಟಿಯಿರಲಿ, ಹೋದಲ್ಲೆಲ್ಲ ನಿನ್ನವರು ಸಿಗಲಿ.

ನಿನ್ನ ದಾರಿ ನೋಡುತ್ತಿರುವ ಅವ್ವ,
ಗಂಗಾಶ್ರೀ